ಉಷ್ಣಮಾಪಕಗಳ ಬಗೆಗಳೂ ಬೇಸಾಯಗಾರರ ಮನೆಯಲ್ಲಿ ಅವುಗಳ ಉಪಯೋಗವೂ

ರೇಷ್ಮೆ ಹುಳುವಿನ ಮನೆ, ಕಬ್ಬಿನ ಆಲೆಮನೆ, ದನದ ಕೊಟ್ಟಿಗೆ, ಗೊಬ್ಬರದ ಗುಂಡಿ ಇವುಗಳಲ್ಲಿ ಶಾಖದ ಹೆಚ್ಚುಕಡಿಮೆಯನ್ನು ಗೊತ್ತುಮಾಡುವುದಕ್ಕೆ ಮೈಸೂರು ಸೀಮೆಯ ರೈತರು ಬಹುಕಾಲದಿಂದ ನಂಬಿಕೊಂಡು ಬಂದಿರುವ ಸಾಧನವು ಅವರ ಕೈಯೇ ಆಗಿರುತ್ತದೆ. ದನದ ಕಿವಿಯ ಬುಡವನ್ನು ಮುಟ್ಟಿ ಜ್ವರವುಂಟೋ ಇಲ್ಲವೋ ಎಂದು ಹೇಳುವ ಹಿರಿಯರೂ, ಪಾಕದ ಹನಿಯನ್ನು ತಣ್ಣೀರಿನಲ್ಲಿ ಬಿಟ್ಟು ಬೆರಳಿನಿಂದ ಹಿಸುಕಿ ಹದವನ್ನು ಕಂಡುಕೊಳ್ಳುವ ನಿಪುಣರೂ ಊರೂರಿನಲ್ಲಿಯೂ ಇರುವರು. ಇಂಥವರ ಅನುಭವವನ್ನು ಹಳಿಯತಕ್ಕ ಕಾರಣವಿಲ್ಲ. ಆದರೆ ಕೈಯು ಶಾಖವನ್ನು ಅಳೆಯುವುದಿಲ್ಲ. ತಾನು ಮೊದಲು ಇದ್ದ ಸ್ಥಿತಿಗೂ ಈಗ ಮುಟ್ಟಿದ ವಸ್ತುವಿಗೂ ಇರುವ ಅಂತರವನ್ನು ಮಾತ್ರ ತಿಳಿಸುತ್ತದೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಮೂರು ಪಾತ್ರೆಗಳಲ್ಲಿ ಬಿಸಿನೀರು, ಉಗುರುಬೆಚ್ಚಗಿನ ನೀರು, ತಣ್ಣೀರು ಇಟ್ಟುಕೊಂಡು, ಒಂದು ಕೈಯನ್ನು ಬಿಸಿನೀರಿನಲ್ಲಿಯೂ ಇನ್ನೊಂದನ್ನು ತಣ್ಣೀರಿನಲ್ಲಿಯೂ ಸ್ವಲ್ಪ ಹೊತ್ತು ಇಟ್ಟು, ಅನಂತರ ಎರಡನ್ನೂ ಒಟ್ಟಿಗೆ ನಡುವಣ ಪಾತ್ರೆಯಲ್ಲಿ ಮುಳುಗಿಸಿದರೆ, ಒಂದೇ ನೀರು ಒಂದು ಕೈಗೆ ತಣ್ಣಗೂ ಇನ್ನೊಂದು ಕೈಗೆ ಬಿಸಿಯಾಗಿಯೂ ತೋರುವುದು. ಮಾಗಿಯ ಮುಂಜಾವಿನಲ್ಲಿ ಅಂಗಳದಿಂದ ಒಳಕ್ಕೆ ಬಂದವನಿಗೆ ಹುಳುವಿನ ಮನೆ ಬೆಚ್ಚಗಿದೆಯೆಂದು ತೋರುವುದೂ, ಅದೇ ಮನೆಯಲ್ಲಿ ಒಲೆಯ ಬಳಿ ಕುಳಿತಿದ್ದು ಎದ್ದವನಿಗೆ ಚಳಿಯೆಂದು ತೋರುವುದೂ ಇದೇ ಕಾರಣದಿಂದ. ಇಬ್ಬರಲ್ಲಿ ಯಾರ ಮಾತು ನಿಜವೆಂದು ಹುಳುಗಳು ಹೇಳಲಾರವು.

ಆದುದರಿಂದ ಉಷ್ಣಮಾಪಕ ಬೇಕು. ಈಗ ಅಗ್ಗದ ಬೆಲೆಗೆ ಬಗೆಬಗೆಯ ಉಷ್ಣಮಾಪಕಗಳು ಪೇಟೆಯಲ್ಲಿ ದೊರೆಯುತ್ತವೆ. ಆದರೆ ಉಪಕರಣವನ್ನು ಕೊಂಡು ಗೋಡೆಗೆ ತಗುಲಿಹಾಕಿದಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯಾವ ಉಷ್ಣಮಾಪಕವೇ ಆಗಲಿ, ಅದು ತಿಳಿಸುವುದು ತನ್ನ ಸ್ವಂತ ಶಾಖವನ್ನೇ ಹೊರತು ಮನೆಯ ಶಾಖವನ್ನಲ್ಲ, ದನದ ಶಾಖವನ್ನಲ್ಲ. ಅಳೆಯಬೇಕಾದ ವಸ್ತುವಿನ ಶಾಖವೂ ಉಪಕರಣದ ಶಾಖವೂ ಒಂದೇ ಆಗುವಂತೆ ಮಾಡುವುದು ಉಪಯೋಗಿಸುವವನ ಕೆಲಸ. ಇದನ್ನು ಮರೆತರೆ ಒಳ್ಳೆಯ ಉಪಕರಣವೂ ಸುಳ್ಳು ಹೇಳುವುದು. ಅಂಕಿಯ ರೂಪದಲ್ಲಿ ಬಂದ ಸುಳ್ಳನ್ನು ಜನರು ಕೈಯ ಸುಳ್ಳಿಗಿಂತ ಹೆಚ್ಚಾಗಿ ನಂಬುವುದರಿಂದ ಅದರ ಕೇಡೂ ಹೆಚ್ಚು.

ದ್ರವವು ಏರುವ ಉಷ್ಣಮಾಪಕ

ಶಾಖ ತಗುಲಿದರೆ ದ್ರವಗಳು ಹಿಗ್ಗುತ್ತವೆ. ಒಂದು ಗಾಜಿನ ಬುರುಡೆಯಲ್ಲಿ ದ್ರವವನ್ನು ತುಂಬಿ, ಅದಕ್ಕೆ ಕೂದಲಿನಷ್ಟು ಸಣ್ಣ ರಂಧ್ರವುಳ್ಳ ನಳಿಕೆಯನ್ನು ಜೋಡಿಸಿ ಮೇಲುತುದಿಯನ್ನು ಮುಚ್ಚಿದರೆ, ಹಿಗ್ಗಿದ ದ್ರವಕ್ಕೆ ನಳಿಕೆಯನ್ನು ಏರುವುದರ ಹೊರತು ಬೇರೆ ದಾರಿಯಿಲ್ಲ. ಪಾದರಸವು ಒಂದು ಸೆಂಟಿಗ್ರೇಡ್ ಡಿಗ್ರಿಗೆ ತನ್ನ ಗಾತ್ರದ ಸುಮಾರು ಐದೂವರೆ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಹಿಗ್ಗುತ್ತದೆ. ಇಷ್ಟು ಅಲ್ಪವಾದ ಹಿಗ್ಗು ಕಣ್ಣಿಗೆ ಕಾಣುವಂತಾಗಬೇಕಾದರೆ ಬುರುಡೆ ದೊಡ್ಡದಾಗಿಯೂ ರಂಧ್ರ ಅತಿ ಸೂಕ್ಷ್ಮವಾಗಿಯೂ ಇರಬೇಕು. ಮದ್ಯಸಾರವು ಪಾದರಸಕ್ಕಿಂತ ಸುಮಾರು ಆರು ಪಾಲು ಹೆಚ್ಚಾಗಿ ಹಿಗ್ಗುವುದರಿಂದ ಅದನ್ನು ತುಂಬಿದ ಉಪಕರಣವನ್ನು ಸುಲಭವಾಗಿಯೂ ಅಗ್ಗವಾಗಿಯೂ ಮಾಡಬಹುದು. ಗೋಡೆಗೆ ತಗುಲಿಹಾಕುವ ಕೆಂಪುಗೆರೆಯ ಉಷ್ಣಮಾಪಕಗಳಲ್ಲಿರುವುದು ಸಾಮಾನ್ಯವಾಗಿ ಬಣ್ಣ ಬೆರಸಿದ ಮದ್ಯಸಾರ ಅಥವಾ ಅಂಥ ಬೇರೊಂದು ದ್ರವ.

ಎರಡಕ್ಕೂ ಮಿತಿಗಳುಂಟು. ಪಾದರಸವು ಸೊನ್ನೆಯ ಕೆಳಗೆ ೩೯ ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ, ೩೫೭ ಡಿಗ್ರಿಯ ಹತ್ತಿರ ಕುದಿಯುತ್ತದೆ. ಮದ್ಯಸಾರವು ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲವೆಂದೇ ಹೇಳಬಹುದು. ಆದರೆ ೭೮ ಡಿಗ್ರಿಗೇ ಕುದಿಯುತ್ತದೆ. ಇದಲ್ಲದೆ ಮದ್ಯಸಾರವು ಗಾಜಿಗೆ ಅಂಟುವ ಸ್ವಭಾವದ್ದು; ಸಾಗಾಣಿಕೆಯ ಕುಲುಕಾಟದಲ್ಲಿ ಅದರ ಗೆರೆಯು ಎರಡು ಮೂರು ತುಂಡುಗಳಾಗಿ ನಡುವೆ ಗುಳ್ಳೆ ನಿಲ್ಲುವುದುಂಟು. ಹಾಗೆ ತುಂಡಾದ ಗೆರೆಯ ತುದಿಯು ತೋರಿಸುವ ಅಂಕಿಯು ನಿಜಕ್ಕಿಂತ ಹೆಚ್ಚಾಗಿರುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗಲೇ ಗೆರೆಯು ಬುರುಡೆಯಿಂದ ತುದಿಯವರೆಗೆ ಒಂದೇ ಸಮನಾಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಎಂಬವನು ೧೭೧೪ರಲ್ಲಿ ನಂಬತಕ್ಕ ಪಾದರಸದ ಉಷ್ಣಮಾಪಕವನ್ನು ಮಾಡಿ, ೧೭೨೪ರಲ್ಲಿ ತನ್ನ ಅಳತೆಯ ಕ್ರಮವನ್ನು ಪ್ರಕಟಿಸಿದನು. ಸ್ವೀಡನ್ ದೇಶದ ಆಂಡರ್ಸ್ ಸೆಲ್ಸಿಯಸ್ ಎಂಬ ಜ್ಯೋತಿಶ್ಶಾಸ್ತ್ರಜ್ಞನು ೧೭೪೨ರಲ್ಲಿ ನೀರು ಹೆಪ್ಪುಗಟ್ಟುವ ಸ್ಥಾನಕ್ಕೂ ಕುದಿಯುವ ಸ್ಥಾನಕ್ಕೂ ನಡುವೆ ನೂರು ಪಾಲು ಮಾಡಿದನು. ಆತನು ಕುದಿಯುವ ನೀರಿಗೆ ೦ ಎಂದೂ ಹೆಪ್ಪಿಗೆ ೧೦೦ ಎಂದೂ ಇಟ್ಟಿದ್ದನೆಂಬುದು ವಿಚಿತ್ರವಾದರೂ ನಿಜ. ೧೭೪೪ರಲ್ಲಿ ಆತನು ತೀರಿಕೊಂಡ ಮೇಲೆ ಅದನ್ನು ತಿರುಗಿಸಿ ಈಗಿನ ಕ್ರಮಕ್ಕೆ ತಂದರು. ರೈತನಿಗೆ ಇದರಿಂದ ಆಗತಕ್ಕದ್ದು ಇಷ್ಟೇ: ಹಳೆಯ ಪುಸ್ತಕಗಳಲ್ಲಿಯೂ ಹಳೆಯ ಉಪಕರಣಗಳಲ್ಲಿಯೂ ಫ್ಯಾರನ್‌ಹೀಟ್ ಅಂಕಿಗಳಿರುತ್ತವೆ, ಈಚಿನವುಗಳಲ್ಲಿ ಸೆಂಟಿಗ್ರೇಡ್ ಅಂಕಿಗಳಿರುತ್ತವೆ. ಫ್ಯಾರನ್‌ಹೀಟ್ ಅಂಕಿಯಿಂದ ೩೨ನ್ನು ಕಳೆದು, ಉಳಿದುದನ್ನು ೫ರಿಂದ ಗುಣಿಸಿ, ೯ರಿಂದ ಭಾಗಿಸಿದರೆ ಸೆಂಟಿಗ್ರೇಡ್ ಬರುವುದು. ೭೭ ಎಂದರೆ ೨೫. ೮೬ ಎಂದರೆ ೩೦. ಯಾವ ಅಂಕಿಯನ್ನೇ ಬರೆದಿಡುವಾಗಲೂ ಪಕ್ಕದಲ್ಲಿ ಯಾವ ಅಳತೆಯೆಂಬುದನ್ನು ಸೂಚಿಸತಕ್ಕದ್ದು.

ಕೊಂಡುತಂದ ಉಪಕರಣವು ಸರಿಯೇ ತಪ್ಪೇ ಎಂಬುದನ್ನು ಮನೆಯಲ್ಲಿಯೇ ನಿರ್ಧರಿಸಬಹುದು. ಮಂಜುಗಡ್ಡೆಯನ್ನು ನುಣ್ಣಗೆ ಪುಡಿಮಾಡಿ ಸ್ವಲ್ಪ ಶುದ್ಧವಾದ ನೀರು ಬೆರಸಿ, ಅದರಲ್ಲಿ ಬುರುಡೆಯನ್ನು ಪೂರ್ತಿಯಾಗಿ ಹೂತು ಹತ್ತು ನಿಮಿಷ ಬಿಟ್ಟರೆ ಅದು ೦ ಡಿಗ್ರಿಯನ್ನು ತೋರಿಸಬೇಕು. ೧ ತೋರಿಸಿದರೆ ಆ ಉಪಕರಣವು ಒಂದು ಡಿಗ್ರಿ ಹೆಚ್ಚು ಹೇಳುವುದೆಂದು ಚೀಟಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸಿದರೆ ಸಾಕು, ಎಸೆಯಬೇಕಾದುದಿಲ್ಲ. ಸೊನ್ನೆಯೇ ಇಲ್ಲದ ಜ್ವರಮಾಪಕದಂಥವುಗಳನ್ನು ನಂಬತಕ್ಕ ಬೇರೊಂದು ಉಪಕರಣದ ಜೊತೆಗೆ ಒಂದೇ ಪಾತ್ರೆಯ ಬೆಚ್ಚನೆಯ ನೀರಿನಲ್ಲಿಟ್ಟು ಹೋಲಿಸಬೇಕು. ಕುದಿಯುವ ನೀರಿನ ಪರೀಕ್ಷೆಯು ೧೦೦ಕ್ಕೂ ಮೇಲೆ ಅಂಕಿಗಳುಳ್ಳ ಉಪಕರಣಗಳಿಗೆ ಮಾತ್ರ ಸಲ್ಲತಕ್ಕದ್ದು. ಅದರಲ್ಲಿಯೂ ಒಂದು ವಿಶೇಷವುಂಟು. ನೀರು ೧೦೦ ಡಿಗ್ರಿಗೆ ಕುದಿಯುವುದು ಸಮುದ್ರದ ಮಟ್ಟದಲ್ಲಿ, ಎಂದರೆ ಮಂಗಳೂರು ಕಾರವಾರಗಳಂಥ ಸ್ಥಳಗಳಲ್ಲಿ. ಎತ್ತರಕ್ಕೆ ಹೋದಂತೆಲ್ಲ ಹವೆಯ ಒತ್ತಡ ಕಡಿಮೆಯಾಗಿ, ಸುಮಾರು ೩೦೦ ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಸ್ಥಾನ ಇಳಿಯುತ್ತದೆ. ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ೯೭ ಡಿಗ್ರಿಯ ಹತ್ತಿರವೇ ಕುದಿಯುವುದು. ಇದನ್ನು ಅರಿಯದವನು ಸರಿಯಾದ ಉಪಕರಣವನ್ನು ತಪ್ಪೆಂದು ಹಿಂತಿರುಗಿಸಿಯಾನು.

ಅತ್ಯಧಿಕ ಮತ್ತು ಅತ್ಯಲ್ಪ ಶಾಖವನ್ನು ಗುರುತಿಟ್ಟುಕೊಳ್ಳುವ ಬಗೆ

ರಾತ್ರಿ ಮೂರು ಗಂಟೆಗೆ ಹುಳುವಿನ ಮನೆ ಎಷ್ಟು ತಣ್ಣಗಾಯಿತೆಂಬುದನ್ನು ನೋಡಲು ಯಾರೂ ಎದ್ದಿರುವುದಿಲ್ಲ. ಅದಕ್ಕಾಗಿ ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ ಎಂಬವನು ೧೭೮೦ರಲ್ಲಿ ಒಂದು ಉಪಾಯವನ್ನು ಕಲ್ಪಿಸಿದನು. ಇಂದಿಗೂ ಆ ಮಾದರಿಯೇ ಬಳಕೆಯಲ್ಲಿದೆ. ದನದ ಲಾಳದಂತೆ ಬಾಗಿದ ನಳಿಕೆಯ ತಳದಲ್ಲಿ ಪಾದರಸವೂ, ಎಡಗಡೆಯ ಬುರುಡೆಯಲ್ಲಿ ಮದ್ಯಸಾರವೂ ಇರುತ್ತವೆ. ಮದ್ಯಸಾರವು ಹಿಗ್ಗಿದಾಗ ಪಾದರಸವನ್ನು ತಳ್ಳಿ ಬಲಗಡೆಗೆ ಏರಿಸುತ್ತದೆ. ಕುಗ್ಗಿದಾಗ ಪಾದರಸವು ಎಡಗಡೆಗೆ ಏರುತ್ತದೆ. ಎರಡು ಕವಲುಗಳಲ್ಲಿಯೂ ಪಾದರಸದ ತಲೆಯ ಮೇಲೆ ಒಂದೊಂದು ಸಣ್ಣ ಉಕ್ಕಿನ ಕಡ್ಡಿ ಕುಳಿತಿರುತ್ತದೆ. ಪಾದರಸವು ಅದನ್ನು ಮೇಲಕ್ಕೆ ನೂಕಬಲ್ಲುದೇ ಹೊರತು ಕೆಳಕ್ಕೆ ಎಳೆಯಲಾರದು. ಆದುದರಿಂದ ಕಡ್ಡಿಯು ಏರಿದಲ್ಲಿಯೇ ನಿಂತು ಅಂದಿನ ಮಿತಿಯನ್ನು ತೋರಿಸುವುದು. ಓದಬೇಕಾದುದು ಕಡ್ಡಿಯ ಕೆಳತುದಿಯನ್ನು. ಎಡಗಡೆಯ ಅಂಕಿಗಳು ತಲೆಕೆಳಗಾಗಿ ಬರೆದಿರುವುದನ್ನು ನೋಡಿ ಕೆಲವರು ಅಚ್ಚಿನ ತಪ್ಪೆಂದು ತಿಳಿಯುವುದುಂಟು; ಅದು ತಪ್ಪಲ್ಲ. ಓದಿದ ಮೇಲೆ ಅಯಸ್ಕಾಂತದಿಂದಲೋ ಗುಂಡಿಯನ್ನು ಒತ್ತಿಯೋ ಕಡ್ಡಿಗಳನ್ನು ಪಾದರಸದ ಮೇಲಕ್ಕೆ ಇಳಿಸಿಬಿಡತಕ್ಕದ್ದು. ಇಳಿಸಲು ಮರೆತವನು ನಿನ್ನೆಯ ಚಳಿಯನ್ನೇ ಇಂದೂ ಓದುತ್ತಿರುವನು.

ರೇಷ್ಮೆ ಹುಳುವಿನ ಮನೆಯಲ್ಲಿ

ಉಷ್ಣಮಾಪಕದ ಉಪಯೋಗವು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಇಲ್ಲಿಯೇ. ರೇಷ್ಮೆಯ ಹುಳುವಿಗೆ ತನ್ನ ಮೈಶಾಖವನ್ನು ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಸುತ್ತಣ ಹವೆಯ ಶಾಖವೇ ಅದರ ಶಾಖ. ಚಾಕಿ ಹುಳುಗಳಿಗೆ ೨೭ರಿಂದ ೨೮ ಡಿಗ್ರಿಯ ಶಾಖವೂ ನೂರಕ್ಕೆ ೮೫ರಿಂದ ೯೦ ಪಾಲು ತೇವವೂ ಹಿತವಾಗಿರುತ್ತವೆ. ನಾಲ್ಕನೆಯ ಮತ್ತು ಐದನೆಯ ಹಂತದ ದೊಡ್ಡ ಹುಳುಗಳಿಗೆ ೨೪ರಿಂದ ೨೫ ಡಿಗ್ರಿಯೂ ಸುಮಾರು ೭೦ ಪಾಲು ತೇವವೂ ಸಾಕು. ಶಾಖವು ಅತಿಯಾದರೆ ದೊಡ್ಡ ಹುಳುಗಳು ಸಪ್ಪೆ ರೋಗಕ್ಕೆ ತುತ್ತಾಗುತ್ತವೆ. ತಂಪೂ ತೇವವೂ ಕೂಡಿದರೆ ಸುಣ್ಣಕಟ್ಟು ರೋಗವು ತಟ್ಟೆಯಿಂದ ತಟ್ಟೆಗೆ ಹರಡುತ್ತದೆ. ಒಂದು ಸಂಸಾರದ ತಿಂಗಳ ದುಡಿಮೆಯೂ ಸಾಲ ತಂದು ಹಾಕಿದ ಸೊಪ್ಪಿನ ಬೆಲೆಯೂ ಈ ಮೂರು ನಾಲ್ಕು ಡಿಗ್ರಿಗಳ ನಡುವೆ ನಿಂತಿರುತ್ತವೆ. ರೈತರು ಹುಳುವಿನ ಪೊರೆ ಕಳಚುವಿಕೆಯನ್ನು ಜ್ವರವೆಂದು ಕರೆಯುತ್ತಾರೆ. ಅದು ಮಾತಿನ ರೂಢಿಯೇ ಹೊರತು ಉಷ್ಣಮಾಪಕದಿಂದ ಅಳೆಯತಕ್ಕ ಜ್ವರವಲ್ಲವೆಂದು ಹೇಳಬೇಕಾದುದಿಲ್ಲ.

ಶಾಖದೊಡನೆ ತೇವವನ್ನೂ ಅರಿಯಬೇಕಾದುದರಿಂದ ಹುಳುವಿನ ಮನೆಗೆ ಜೋಡಿ ಉಷ್ಣಮಾಪಕವೇ ತಕ್ಕುದು. ಇದರಲ್ಲಿ ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ಒಂದೇ ಹಲಗೆಗೆ ಜೋಡಿಸಿ, ಒಂದರ ಬುರುಡೆಗೆ ತೆಳುವಾದ ಮಲ್ಲಿನ ಬಟ್ಟೆಯನ್ನು ಸುತ್ತಿ, ಅದರ ತುದಿಯನ್ನು ನೀರಿನ ಬಟ್ಟಲಿನಲ್ಲಿ ಅದ್ದಿರುತ್ತದೆ. ಬಟ್ಟೆಯ ನೀರು ಆರುವಾಗ ಬುರುಡೆಯ ಶಾಖವನ್ನು ಹೀರಿಕೊಳ್ಳುವುದರಿಂದ ಒದ್ದೆ ಬುರುಡೆಯು ಕಡಿಮೆ ಅಂಕಿಯನ್ನು ತೋರಿಸುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದಕ್ಕೂ ಇದೇ ಕಾರಣ. ಹವೆಯು ಒಣಗಿದ್ದಷ್ಟೂ ನೀರು ಬೇಗ ಆರುವುದು, ಅಂತರ ಹೆಚ್ಚುವುದು. ಹವೆಯು ಹಿಡಿಯಬಲ್ಲ ತೇವವನ್ನೆಲ್ಲ ಹಿಡಿದುಕೊಂಡಿದ್ದರೆ ನೀರು ಆರುವುದೇ ಇಲ್ಲ, ಎರಡು ಅಂಕಿಗಳೂ ಒಂದೇ ಆಗುವುವು. ಒಣಬುರುಡೆಯು ೨೭, ಒದ್ದೆಯದು ೨೫ ತೋರಿಸಿದರೆ ತೇವವು ನೂರಕ್ಕೆ ಸುಮಾರು ೮೫. ಒಣದು ೨೫, ಒದ್ದೆಯದು ೨೧ ಆದರೆ ಸುಮಾರು ೭೦. ಉಳಿದ ಅಂಕಿಗಳಿಗೆ ಉಪಕರಣದೊಡನೆ ಬರುವ ಕೋಷ್ಟಕವನ್ನು ನೋಡತಕ್ಕದ್ದು.

ಈ ಉಪಕರಣವು ಮೋಸಮಾಡುವ ಬಗೆಯನ್ನು ಇಲ್ಲಿ ವಿಸ್ತಾರವಾಗಿ ಹೇಳುವುದು ಅವಶ್ಯಕ. ಬೇಸಗೆಯ ಒಂದು ಮಧ್ಯಾಹ್ನ ಬಟ್ಟಲಿನ ನೀರು ಬತ್ತಿ ಬಟ್ಟೆಯು ಒಣಗಿತೆಂದು ಭಾವಿಸೋಣ. ಆಗ ಒದ್ದೆ ಬುರುಡೆಯು ಒದ್ದೆಯಾಗಿಯೇ ಉಳಿದಿರುವುದಿಲ್ಲ. ಎರಡೂ ಒಂದೇ ಅಂಕಿಯನ್ನು ತೋರಿಸುವುವು. ಅದನ್ನು ಓದಿದವನು ಕೋಷ್ಟಕವನ್ನು ನೋಡಿ, ಮನೆಯಲ್ಲಿ ತೇವವು ಪೂರ್ತಿ ನೂರು ಪಾಲು ಆಗಿಬಿಟ್ಟಿತೆಂದು ಹೆದರಿ, ಕಿಟಕಿ ಬಾಗಿಲುಗಳನ್ನು ತೆರೆದಿಡುವನು. ನಿಜವಾಗಿ ಒಣಗಿ ಹೋಗಿದ್ದ ಹವೆಯು ಇನ್ನೂ ಒಣಗುವುದು. ಚಾಕಿ ಹುಳುವಿಗೆಂದು ಸಣ್ಣಗೆ ಹೆಚ್ಚಿಟ್ಟ ಹಿಪ್ಪುನೇರಳೆ ಸೊಪ್ಪು ಗಳಿಗೆಯೊಳಗಾಗಿ ಬಾಡುವುದು. ಹುಳುಗಳು ಸೊಪ್ಪಿನ ಮೇಲೆಯೇ ಹಸಿದಿರುವುವು. ಜ್ವರಕ್ಕೆ ಕೂಡುವಾಗ ಕೆಲವು ಮುಂದೆ ಕೆಲವು ಹಿಂದೆ ಆಗಿ ಬೆಳೆಯ ಸಮತೆಯೇ ಕೆಡುವುದು. ಉಪಕರಣವಿಲ್ಲದ ಮನೆಯಲ್ಲಿ ಹೀಗಾಗುತ್ತಿರಲಿಲ್ಲ. ಆದುದರಿಂದ ಎರಡು ಅಂಕಿಗಳೂ ಒಂದೇ ಆಗಿ ಕಂಡಾಗ ಮೊದಲು ಬಟ್ಟೆಯನ್ನು ಮುಟ್ಟಿ ನೋಡಬೇಕು. ಒದ್ದೆ ಬುರುಡೆಯು ಒಣಬುರುಡೆಗಿಂತ ಹೆಚ್ಚು ತೋರಿಸುವುದಂತೂ ಹುಳುವಿನ ಮನೆಯಲ್ಲಿ ಸಾಧ್ಯವೇ ಇಲ್ಲ. ತೋರಿಸಿದರೆ ಓದುವುದರಲ್ಲಿ ಅಥವಾ ಉಪಕರಣದಲ್ಲಿ ತಪ್ಪಿದೆಯೆಂದು ತಿಳಿಯತಕ್ಕದ್ದು.

ಬಟ್ಟಲಿಗೆ ಬಾವಿಯ ಗಡುಸು ನೀರನ್ನು ಹಾಕಕೂಡದು. ನೀರು ಆರಿದಂತೆಲ್ಲ ಅದರಲ್ಲಿನ ಸುಣ್ಣವು ಬಟ್ಟೆಯಲ್ಲಿ ಉಳಿದು ಚಿಪ್ಪಿನಂತೆ ಗಟ್ಟಿಯಾಗಿ, ನೀರು ಏರುವುದನ್ನು ತಡೆಯುತ್ತದೆ. ಶೇಖರಿಸಿದ ಮಳೆಯ ನೀರು ಅಥವಾ ಬಟ್ಟಿಯಿಳಿಸಿದ ನೀರು ಉತ್ತಮ. ಬಟ್ಟೆಯನ್ನು ಪ್ರತಿಯೊಂದು ಬೆಳೆಗೂ ಬದಲಾಯಿಸಬೇಕು. ಹೊಸ ಬಟ್ಟೆಯನ್ನು ಕಟ್ಟುವುದಕ್ಕೆ ಮುಂಚೆ ಗಂಜಿ ಹೋಗುವಂತೆ ಒಗೆಯಬೇಕು. ಓದುವ ಮುಂಚೆ ಒಂದೆರಡು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿದರೆ ಅಂಕಿಯು ಹೆಚ್ಚು ಸರಿಯಾಗಿ ಬರುವುದು.

ಇನ್ನು ಉಪಕರಣವನ್ನು ಎಲ್ಲಿ ಇಡಬೇಕೆಂಬ ವಿಚಾರ. ಅನೇಕರು ಅದನ್ನು ಬಾಗಿಲ ಪಕ್ಕದ ಗೋಡೆಗೆ, ಬಂದವರಿಗೆಲ್ಲ ಕಾಣುವಂತೆ ತಗುಲಿಹಾಕುತ್ತಾರೆ. ಅಲ್ಲಿ ಅದು ತಿಳಿಸುವುದು ಗೋಡೆಯ ಶಾಖವನ್ನು. ಪಶ್ಚಿಮದ ಬಿಸಿಲಿಗೆ ಕಾದ ಗೋಡೆಯು ಸಂಜೆಯಲ್ಲಿ ಹವೆಗಿಂತ ಬಿಸಿಯಾಗಿಯೂ ಬೆಳಗಿನಲ್ಲಿ ತಣ್ಣಗೂ ಇರುವುದು. ಇದ್ದಲಿನ ಒಲೆಗೆ ಎದುರಾಗಿ ತೂಗಿದರೆ ಅದು ಕೆಂಡದ ಕಿರಣಗಳನ್ನು ನೇರವಾಗಿ ಹೀರಿ ಮನೆಗಿಂತ ಹೆಚ್ಚಾಗಿ ಕಾಯುವುದು. ಹುಳುಗಳಿರುವುದು ತಟ್ಟೆಗಳಲ್ಲಿ, ಆದುದರಿಂದ ಉಪಕರಣವೂ ತಟ್ಟೆಗಳ ಮಟ್ಟದಲ್ಲಿ, ಗೋಡೆಯಿಂದಲೂ ಒಲೆಯಿಂದಲೂ ದೂರವಾಗಿ, ನೇರ ಬಿಸಿಲು ಬೀಳದ ಕಡೆ ತೂಗಿರಬೇಕು. ಬಿಸಿಯಾದ ಹವೆಯು ಮೇಲಕ್ಕೆ ಏರುವುದರಿಂದ ಮೇಲುತಟ್ಟೆಗೂ ಕೆಳತಟ್ಟೆಗೂ ಕೆಲವು ಡಿಗ್ರಿಗಳ ಅಂತರವಿರುವುದುಂಟು. ಒಂದೇ ಉಪಕರಣವಿದ್ದರೆ ದಿನಕ್ಕೊಮ್ಮೆ ಅದನ್ನು ಮೇಲೂ ಕೆಳಗೂ ಇಟ್ಟು ನೋಡಿ, ಅಂತರವು ಹೆಚ್ಚಾಗಿದ್ದರೆ ತಟ್ಟೆಗಳ ಸ್ಥಾನವನ್ನು ಬದಲಾಯಿಸುತ್ತಿರಬೇಕು. ಇದ್ದಲಿನ ಒಲೆಯನ್ನು ಹೊತ್ತಿಸಿ ಎಲ್ಲ ಗಾಳಿಕಂಡಿಗಳನ್ನೂ ಮುಚ್ಚುವುದು ಮನುಷ್ಯರಿಗೇ ಪ್ರಾಣಾಪಾಯವೆಂಬುದನ್ನು ಉಷ್ಣಮಾಪಕವು ತಿಳಿಸುವುದಿಲ್ಲ.

ಹವಾಮಾನ ಶಾಸ್ತ್ರಜ್ಞರು ಉಷ್ಣಮಾಪಕವನ್ನು ಬಯಲಿನಲ್ಲಿ ನೆಲದಿಂದ ಸುಮಾರು ೪ ಅಡಿ ಎತ್ತರದಲ್ಲಿ, ಬಿಳಿಯ ಬಣ್ಣ ಬಳಿದ, ಜಾಲರಿಯ ಹಲಗೆಗಳುಳ್ಳ ಪೆಟ್ಟಿಗೆಯೊಳಗೆ, ಬಾಗಿಲು ಉತ್ತರಕ್ಕೆ ಬರುವಂತೆ ಇಡುವುದೂ ಇದೇ ಕಾರಣಕ್ಕಾಗಿ: ಗಾಳಿ ಆಡಬೇಕು, ಬಿಸಿಲು ತಗುಲಕೂಡದು. ಆದರೆ ಪೆಟ್ಟಿಗೆಯ ಅಂಕಿಯು ಪೈರಿನ ಅಂಕಿಯೆಂದು ತಿಳಿಯಬಾರದು. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ನೆಲದ ಹತ್ತಿರದ ಹವೆಯು ಪೆಟ್ಟಿಗೆಯೊಳಗಿನ ಹವೆಗಿಂತ ತಣ್ಣಗಿರುವುದುಂಟು. ಅತ್ಯಂತ ತಣ್ಣಗಿರುವುದು ನೆಲವೇ ಎಂದು ಮೊದಲು ಎಲ್ಲರೂ ನಂಬಿದ್ದರು. ೧೯೩೨ರಲ್ಲಿ ಎಲ್. ಎ. ರಾಮದಾಸರೂ ಎಸ್. ಆತ್ಮನಾಥನ್ನರೂ ಬರಿನೆಲದ ಮೇಲೆ ಬೇರೆಬೇರೆ ಎತ್ತರಗಳಲ್ಲಿ ಶಾಖವನ್ನು ಅಳೆದು, ಅತ್ಯಲ್ಪ ಶಾಖವಿರುವುದು ನೆಲದಲ್ಲಲ್ಲ, ಅದರಿಂದ ಗೇಣು ಮೊಳದಷ್ಟು ಮೇಲಿನ ಹವೆಯಲ್ಲಿ ಎಂದು ತೋರಿಸಿದರು. ಅನೇಕ ವಿದ್ವಾಂಸರು ಇದನ್ನು ಉಪಕರಣದ ತಪ್ಪೆಂದು ಬಹುಕಾಲ ಶಂಕಿಸಿದರಾದರೂ ಅನಂತರದ ಪರಿಶೋಧನೆಗಳು, ಬೆಂಗಳೂರಿನಲ್ಲಿ ನಡೆದವೂ ಸೇರಿ, ಅದು ನಿಜವೆಂದು ದೃಢಪಡಿಸಿವೆ. ಸಸಿಮಡಿಗಳ ಚಳಿಯನ್ನು ಅರಿಯಬೇಕಾದವನು ಸಸಿಗಳ ತಲೆಯ ಮಟ್ಟದಲ್ಲಿಯೇ ಉಪಕರಣವನ್ನು ಇಡತಕ್ಕದ್ದು.

ರೇಷ್ಮೆ ಮೊಟ್ಟೆಗಳನ್ನು ತಯಾರಿಸುವ ಕೇಂದ್ರಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ದ್ವಿತಳಿ ಜಾತಿಯ ಮೊಟ್ಟೆಗಳು ತಿಂಗಳುಗಟ್ಟಲೆ ಮಲಗಿಬಿಡದೆ ಬೇಗ ಒಡೆಯುವಂತೆ ಮಾಡುವುದಕ್ಕೆ ಅವನ್ನು ೪೬.೧ ಡಿಗ್ರಿಗೆ ಕಾಯಿಸಿದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು ಐದು ನಿಮಿಷ ಅದ್ದುತ್ತಾರೆ. ಶಾಖವು ಕಡಿಮೆಯಾದರೆ ಮೊಟ್ಟೆಗಳು ಒಡೆಯುವುದಿಲ್ಲ, ಹೆಚ್ಚಾದರೆ ಸಾಯುತ್ತವೆ. ಇಲ್ಲಿ ಗೋಡೆಯ ಉಷ್ಣಮಾಪಕವು ಕೆಲಸಕ್ಕೆ ಬಾರದು. ಡಿಗ್ರಿಯ ಹತ್ತನೆಯ ಪಾಲನ್ನು ಓದಬಹುದಾದ, ಪರೀಕ್ಷೆಯಾದ ಗಾಜಿನ ಉಪಕರಣವೇ ಬೇಕು, ಆಮ್ಲವನ್ನೂ ಕಲಕುತ್ತಿರಬೇಕು.

ದನಕರುಗಳ ಜ್ವರವನ್ನು ನೋಡುವುದು

ಜ್ವರಮಾಪಕವೂ ಹಳೆಯ ಮಾದರಿಯಲ್ಲಿ ಪಾದರಸದ ಉಷ್ಣಮಾಪಕವೇ. ಬುರುಡೆಯ ಮೇಲುಗಡೆ ನಳಿಕೆಯನ್ನು ಒಂದು ಕಡೆ ಬಲು ಕಿರಿದಾಗಿ ಹಿಸುಕಿರುವುದೊಂದೇ ವಿಶೇಷ. ಹಿಗ್ಗುವ ಪಾದರಸವು ಆ ಇಕ್ಕಟ್ಟನ್ನು ದಾಟಿ ಏರುತ್ತದೆ. ಕುಗ್ಗುವಾಗ ಅಲ್ಲಿಯೇ ತುಂಡಾಗಿ, ಮೇಲೇರಿದುದು ಮೇಲೆಯೇ ನಿಲ್ಲುತ್ತದೆ. ಆದುದರಿಂದ ಹೊರತೆಗೆದ ಮೇಲೆ ನಿಧಾನವಾಗಿ ಓದಬಹುದು. ಮತ್ತೆ ಉಪಯೋಗಿಸುವ ಮುಂಚೆ ಒದರಿ ಇಳಿಸಬೇಕು. ಇಂಗ್ಲೆಂಡಿನ ವೈದ್ಯನಾದ ಥಾಮಸ್ ಕ್ಲಿಫರ್ಡ್ ಆಲ್ಬಟ್ ಎಂಬವನು ೧೮೬೬ರಲ್ಲಿ ಇದನ್ನು ಸುಮಾರು ಆರು ಅಂಗುಲಕ್ಕೆ ಇಳಿಸಿದನು. ಅದಕ್ಕೆ ಮುಂಚೆ ವೈದ್ಯರು ಅಡಿಯುದ್ದದ ಉಪಕರಣವನ್ನು ಹೊತ್ತು ತಿರುಗಬೇಕಾಗಿತ್ತು. ಇದನ್ನು ಬಿಸಿನೀರಿನಲ್ಲಿ ತೊಳೆಯಕೂಡದು. ೪೨ ಡಿಗ್ರಿಯ ಮೇಲೆ ಪಾದರಸಕ್ಕೆ ಜಾಗವಿಲ್ಲದುದರಿಂದ ಗಾಜು ಸೀಳುವುದು.

ದನದ ಜ್ವರವನ್ನು ಗುದದ್ವಾರದಲ್ಲಿ ನೋಡಬೇಕು. ಉಪಕರಣದ ತುದಿಗೆ ಎಣ್ಣೆ ಸವರಿ, ಹಿಂತುದಿಗೆ ದಾರವನ್ನು ಕಟ್ಟಿ, ಸ್ವಲ್ಪ ಓರೆಯಾಗಿ ತೂರಿಸಿ, ಬುರುಡೆಯು ಒಳಗೋಡೆಗೆ ತಗುಲುವಂತೆ ಮೂರು ನಿಮಿಷ ಹಿಡಿದಿರಬೇಕು. ನೆಟ್ಟಗೆ ತೂರಿಸಿದರೆ ಬುರುಡೆಯು ಸಗಣಿಯಲ್ಲಿ ಹೂತುಕೊಂಡು ದನದ ಶಾಖದ ಬದಲು ಸಗಣಿಯ ಶಾಖವನ್ನು ತಿಳಿಸುವುದು. ಹಸುವಿನ ಸಹಜವಾದ ಶಾಖವು ೩೮ರಿಂದ ೩೯.೩ ಡಿಗ್ರಿ, ಎಂದರೆ ಫ್ಯಾರನ್‌ಹೀಟಿನಲ್ಲಿ ೧೦೦.೪ರಿಂದ ೧೦೨.೭. ಎಮ್ಮೆಗೆ ಕೊಂಚ ಕಡಿಮೆ, ಕರುವಿಗೆ ಕೊಂಚ ಹೆಚ್ಚು. ಮನುಷ್ಯರಿಗಾಗಿ ಮಾಡಿದ ಜ್ವರಮಾಪಕದಲ್ಲಿ ೯೮.೪ರ ಬಳಿ ಕೆಂಪು ಗುರುತಿರುವುದರಿಂದ, ಅದನ್ನು ದಾಟಿದ ಕೂಡಲೇ ಆರೋಗ್ಯವಾದ ಹಸುವಿಗೂ ಜ್ವರ ಬಂದಿದೆಯೆಂದು ಔಷಧ ಹಾಕುವವರಿದ್ದಾರೆ. ಬಿಸಿಲಿನಲ್ಲಿ ಉತ್ತು ಬಂದ ಎತ್ತಿನ ಶಾಖವು ಏರಿರುವುದು ಸಹಜ. ನೆರಳಿನಲ್ಲಿ ನಿಲ್ಲಿಸಿ, ದಣಿವಾರಿದ ಮೇಲೆ ನೋಡಬೇಕು. ಬೆಳಗಿಗಿಂತ ಸಂಜೆ ಸ್ವಲ್ಪ ಹೆಚ್ಚಿರುವುದೂ ಸಹಜವೇ. ಹಸು ಆರೋಗ್ಯವಾಗಿರುವಾಗಲೇ ಕೆಲವು ದಿನ ನೋಡಿ ಬರೆದಿಟ್ಟುಕೊಂಡವನಿಗೆ ಮಾತ್ರ ಕಾಯಿಲೆಯ ದಿನದ ಅಂಕಿಗೆ ಅರ್ಥವಿರುವುದು.

ಅಂಟುರೋಗಗಳಲ್ಲಿ ಅನೇಕವು ಬೇರೆ ಲಕ್ಷಣಗಳಿಗಿಂತ ಮೊದಲು ಜ್ವರವಾಗಿ ಕಾಣಿಸಿಕೊಳ್ಳುತ್ತವೆ. ಹಳ್ಳಿಹಳ್ಳಿಗಳ ಕೊಟ್ಟಿಗೆಗಳನ್ನು ಬರಿದುಮಾಡುತ್ತಿದ್ದ ದೊಡ್ಡರೋಗದಲ್ಲಿ ಬಾಯಿಹುಣ್ಣು ಕಾಣುವುದಕ್ಕೆ ಎರಡು ಮೂರು ದಿನ ಮುಂಚೆಯೇ ಜ್ವರವೇರುತ್ತಿತ್ತು. ಆ ರೋಗವು ೨೦೧೧ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಗಳಲೆ ರೋಗ, ಚಪ್ಪೆ ರೋಗ, ಕಾಲುಬಾಯಿ ರೋಗಗಳು ಉಳಿದಿವೆ. ಊರಿನಲ್ಲಿ ಇವುಗಳ ಸುಳಿವಿದ್ದಾಗ ಬೆಳಗೂ ಸಂಜೆಯೂ ಜ್ವರವನ್ನು ನೋಡಿ, ಏರಿದ ದನವನ್ನು ಆ ಹೊತ್ತಿನಲ್ಲಿಯೇ ಮಂದೆಯಿಂದ ಬೇರ್ಪಡಿಸಿ ಪಶುವೈದ್ಯರಿಗೆ ತಿಳಿಸತಕ್ಕದ್ದು.

ಹೆಸರನ್ನು ನಂಬಿ ಮೋಸಹೋಗತಕ್ಕ ಕಾಯಿಲೆಯೂ ಒಂದುಂಟು. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಒಂದೆರಡು ದಿನಗಳಲ್ಲಿ ನಿಲ್ಲಲಾರದೆ ಮಲಗಿ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಂಕಾದರೆ ಅದನ್ನು ಹಾಲುಜ್ವರವೆನ್ನುತ್ತಾರೆ. ಇದರಲ್ಲಿ ಶಾಖವು ಸಾಮಾನ್ಯವಾಗಿ ಏರುವುದಿಲ್ಲ, ಸಹಜಕ್ಕಿಂತ ಇಳಿಯುತ್ತದೆ, ಕಿವಿಗಳು ತಣ್ಣಗ್ಗಾಗುತ್ತವೆ. ರಕ್ತದಲ್ಲಿ ಸುಣ್ಣದ ಅಂಶವು ಕುಗ್ಗಿರುವುದೇ ಇದಕ್ಕೆ ಕಾರಣ. ಪಶುವೈದ್ಯರು ಬೇಗ ಬಂದು ಕ್ಯಾಲ್ಸಿಯಂ ಚುಚ್ಚಿದರೆ ಗಂಟೆಯೊಳಗೆ ಎದ್ದುನಿಲ್ಲುವ ಹಸುಗಳೂ ಉಂಟು. ಜ್ವರವೆಂಬ ಹೆಸರಿಗೆ ಮರುಳಾಗಿ ಜ್ವರದ ಕಷಾಯವನ್ನು ಗಂಟಲಿಗೆ ಹೊಯ್ಯುವವರು ಆ ಗಂಟೆಗಳನ್ನು ಕಳೆದುಬಿಡುತ್ತಾರೆ. ನುಂಗಲಾರದ ಹಸುವಿನ ಶ್ವಾಸಕೋಶಕ್ಕೆ ಕಷಾಯವು ಇಳಿಯುವ ಭಯವೂ ಇದೆ.

ಲೋಹದ, ವಿದ್ಯುತ್ತಿನ ಮತ್ತು ಕಿರಣದ ಉಷ್ಣಮಾಪಕಗಳು

ಹಿತ್ತಾಳೆಯು ಉಕ್ಕಿಗಿಂತ ಹೆಚ್ಚಾಗಿ ಹಿಗ್ಗುತ್ತದೆ. ಹೀಗೆ ಬೇರೆಬೇರೆಯಾಗಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಒಂದಕ್ಕೊಂದು ಬೆಸೆದು ಸುರುಳಿ ಸುತ್ತಿದರೆ, ಶಾಖ ತಗುಲಿದಾಗ ಸುರುಳಿಯು ತಿರುಚಿಕೊಂಡು ಮುಳ್ಳನ್ನು ತಿರುಗಿಸುತ್ತದೆ. ಗಡಿಯಾರದ ಮುಖದಂತೆ ಕಾಣುವ, ಉದ್ದವಾದ ಲೋಹದ ಕಡ್ಡಿಯುಳ್ಳ ಉಷ್ಣಮಾಪಕಗಳು ಇವೇ. ಒಡೆಯುವ ಭಯವಿಲ್ಲದುದರಿಂದ ಗೊಬ್ಬರದ ರಾಶಿಗೆ ಇವು ಬಲು ಅನುಕೂಲ. ರಾಶಿಯ ಒಳಗೆ ೫೫ರಿಂದ ೬೦ ಡಿಗ್ರಿಯ ಶಾಖವು ಕೆಲವು ದಿನ ನಿಂತರೆ ಕಳೆಯ ಬೀಜಗಳೂ ಬಹುಮಟ್ಟಿನ ರೋಗಾಣುಗಳೂ ನಾಶವಾಗುತ್ತವೆ. ಕಡ್ಡಿಯ ತುದಿಯು ರಾಶಿಯ ನಡುವನ್ನು ಮುಟ್ಟಬೇಕು. ಹೊರಮೈಯ ಗೇಣುದ್ದದಲ್ಲಿ ನೋಡಿದರೆ ರಾಶಿ ತಣ್ಣಗಿರುವಂತೆಯೇ ತೋರುವುದು.

ಆಲೆಮನೆಯಲ್ಲಿ ಗಟ್ಟಿ ಬೆಲ್ಲದ ಪಾಕವು ಹದಕ್ಕೆ ಬರುವುದು ಸುಮಾರು ೧೧೮ ಡಿಗ್ರಿಯಲ್ಲಿ, ಜೋನಿಬೆಲ್ಲದ ಪಾಕವು ಸುಮಾರು ೧೦೫ರಲ್ಲಿ. ಇವು ಸಮುದ್ರಮಟ್ಟದ ಲೆಕ್ಕದ ಅಂಕಿಗಳು. ಮಂಡ್ಯದ ಕಡೆಯಲ್ಲಿ ನೀರೇ ೯೮ ಡಿಗ್ರಿಯ ಹತ್ತಿರ ಕುದಿಯುವುದರಿಂದ ಪಾಕದ ಅಂಕಿಯೂ ಅಷ್ಟೇ ಇಳಿಯುವುದು. ಆದುದರಿಂದ ಪುಸ್ತಕದ ಅಂಕಿಯನ್ನು ಹಿಡಿದು ಕೂಡದೆ, ಮೊದಲು ಬರಿಯ ನೀರನ್ನು ಕುದಿಸಿ ಅದೇ ಉಪಕರಣದಿಂದ ನೋಡಿ, ಅದಕ್ಕಿಂತ ೧೮ ಡಿಗ್ರಿ ಮೇಲೆ ಗಟ್ಟಿಬೆಲ್ಲದ ಹದವೆಂದು ಗೊತ್ತುಮಾಡಿಕೊಳ್ಳುವುದು ಜಾಣತನ. ಕಬ್ಬಿನ ತಳಿಯನ್ನೂ ರಸದ ಗುಣವನ್ನೂ ಅನುಸರಿಸಿ ಒಂದೆರಡು ಡಿಗ್ರಿ ಆಚೀಚೆ ಆಗುವುದುಂಟು. ಅಲ್ಲಿ ಹಳೆಯ ಕೈಯ ಪರೀಕ್ಷೆಗೇ ಮರ್ಯಾದೆ. ಗೋಡೆಯ ಉಷ್ಣಮಾಪಕವನ್ನು ಕೊಪ್ಪರಿಗೆಯಲ್ಲಿ ಅದ್ದಿದರೆ ಅದು ಒಡೆದು ಪಾಕವೆಲ್ಲ ಹಾಳಾಗುವುದು.

ವಿದ್ಯುತ್ತಿನಿಂದ ಶಾಖವನ್ನು ಅಳೆಯುವ ಬಗೆಗಳೂ ಹಲವು. ಎರಡು ಬೇರೆ ಲೋಹದ ತಂತಿಗಳ ಎರಡು ಕೂಡಿಕೆಗಳು ಬೇರೆಬೇರೆ ಶಾಖದಲ್ಲಿದ್ದರೆ ಅವುಗಳಲ್ಲಿ ಅಲ್ಪವಾದ ವಿದ್ಯುತ್ತು ಹುಟ್ಟುವುದೆಂಬುದು ೧೮೨೧ರಲ್ಲಿ ತಾಮಸ್ ಸೀಬೆಕ್ ಎಂಬವನ ಪ್ರಯೋಗಗಳಿಂದ ಹೊರಬಿದ್ದಿತು. ದೊಡ್ಡ ಕಣಜಗಳ ಧಾನ್ಯದ ನಡುವೆ ಇಂಥ ತಂತಿಗಳನ್ನು ಇಳಿಬಿಟ್ಟು, ಹುಳು ಬಿದ್ದು ಧಾನ್ಯವು ಬಿಸಿಯಾಗುವುದನ್ನು ಹೊರಗಿನಿಂದಲೇ ತಿಳಿಯುತ್ತಾರೆ. ಈಗ ಮನೆಮನೆಯಲ್ಲಿರುವ ಅಂಕಿ ಮೂಡುವ ಜ್ವರಮಾಪಕದ ತುದಿಯಲ್ಲಿ ಶಾಖ ಹೆಚ್ಚಿದಂತೆ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುವ ಒಂದು ಸಣ್ಣ ಮಣಿಯಿರುತ್ತದೆ. ಇದು ಬೇಗ ತಿಳಿಸುವುದು, ಒಡೆಯುವುದಿಲ್ಲ, ದನಗಳಿಗೂ ಒಳ್ಳೆಯದು. ಆದರೆ ಅದು ಕೂಗುವುದು ಶಾಖದ ಏರಿಕೆ ನಿಂತಾಗ. ತುದಿಯು ಸಗಣಿಯಲ್ಲಿದ್ದರೂ ಕೂಗುವುದು. ಅಂಕಿಯಲ್ಲಿ ೨೭.೩ ಎಂದು ದಶಾಂಶ ಮೂಡಿದಮಾತ್ರಕ್ಕೆ ಆ ಹತ್ತನೆಯ ಪಾಲು ನಿಜವೆಂದು ತಿಳಿಯಬಾರದು. ಅಗ್ಗದ ಉಪಕರಣಗಳಲ್ಲಿ ಒಂದು ಡಿಗ್ರಿಯ ತಪ್ಪು ಅಪರೂಪವಲ್ಲ. ಇವನ್ನೂ ಆಗಾಗ ಪರೀಕ್ಷಿಸಬೇಕು, ಗುಂಡಿಯಂಥ ವಿದ್ಯುತ್ಕೋಶವನ್ನು ಕಾಲಕಾಲಕ್ಕೆ ಬದಲಾಯಿಸಬೇಕು.

ದೂರದಿಂದಲೇ ಗುರಿಯಿಟ್ಟು ನೋಡುವ ಕಿರಣದ ಉಷ್ಣಮಾಪಕವು ವಸ್ತುವಿನ ಮೇಲ್ಮೈಯಿಂದ ಹೊರಡುವ, ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಅಳೆಯುತ್ತದೆ. ಹವೆಯ ಶಾಖವನ್ನು ಇದು ಹೇಳಲಾರದು. ಹುಳುವಿನ ಮನೆಯಲ್ಲಿ ಹಿಡಿದರೆ ಎದುರಿನ ಗೋಡೆಯ ಅಥವಾ ತಟ್ಟೆಯ ಶಾಖವನ್ನು ಹೇಳುವುದು. ಹೊಳೆಯುವ ತಾಮ್ರದ ಹಂಡೆಯು ಕಿರಣಗಳನ್ನು ಕಡಿಮೆಯಾಗಿ ಹೊರಸೂಸುವುದರಿಂದ ಕುದಿಯುತ್ತಿದ್ದರೂ ತಣ್ಣಗೆಂದು ತೋರುವುದು. ಕೊಪ್ಪರಿಗೆಯ ಮೇಲಿನ ಆವಿಯು ಅಡ್ಡಬರುವುದು. ದನದ ಮೇಲೆ ಹಿಡಿದರೆ ಅದರ ಕೂದಲಿನ ಶಾಖ ಬರುವುದು. ಬೆಲೆ ಹೆಚ್ಚೆಂಬ ಕಾರಣದಿಂದ ಇದನ್ನೇ ಹೆಚ್ಚಾಗಿ ನಂಬುವುದು ಸರಿಯಲ್ಲ.

ಪಾದರಸವು ಚೆಲ್ಲಿದರೆ

ಪಾದರಸದ ಆವಿಯು ವಿಷ. ಆದುದರಿಂದ ೨೦೧೩ರಲ್ಲಿ ಅಂಗೀಕೃತವಾಗಿ ೨೦೧೭ರಿಂದ ಜಾರಿಗೆ ಬಂದ ಮಿನಮಾತಾ ಒಡಂಬಡಿಕೆಯು ಪಾದರಸದ ಉಷ್ಣಮಾಪಕಗಳ ತಯಾರಿಕೆಯನ್ನು ಕ್ರಮೇಣ ನಿಲ್ಲಿಸಬೇಕೆಂದು ವಿಧಿಸಿತು. ಭಾರತವು ೨೦೧೮ರಲ್ಲಿ ಅದಕ್ಕೆ ಸೇರಿತು. ಹೀಗಿದ್ದರೂ ಹಳೆಯ ಉಪಕರಣಗಳು ಅನೇಕ ಮನೆಗಳಲ್ಲಿ ಉಳಿದಿವೆ. ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿಗಳನ್ನು ತೆರೆದು, ಚಿನ್ನದ ಉಂಗುರ ಬಳೆಗಳನ್ನು ತೆಗೆದಿಟ್ಟು, ಗಟ್ಟಿ ಕಾಗದದ ಎರಡು ತುಂಡುಗಳಿಂದ ಹನಿಗಳನ್ನು ಒಟ್ಟುಗೂಡಿಸಿ, ಸ್ವಲ್ಪ ನೀರಿರುವ ಗಾಜಿನ ಸೀಸೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚತಕ್ಕದ್ದು. ಪೊರಕೆಯಿಂದ ಗುಡಿಸಿದರೆ ಹನಿಗಳು ನೂರಾಗಿ ಒಡೆದು ಸಂದುಗಳಲ್ಲಿ ಸೇರಿಕೊಳ್ಳುವುವು. ಒಲೆಗೆ ಹಾಕಕೂಡದು, ಬಚ್ಚಲಿಗೆ ಬಿಡಕೂಡದು. ಹುಳುವಿನ ತಟ್ಟೆಯ ಮೇಲೆ ಒಡೆದಿದ್ದರೆ ಆ ತಟ್ಟೆಯ ಸೊಪ್ಪನ್ನೂ ಹುಳುವನ್ನೂ ದನಗಳಿಗಾಗಲಿ ಗೊಬ್ಬರದ ಗುಂಡಿಗಾಗಲಿ ಹಾಕದೆ ಬೇರೆಯಾಗಿ ಕಟ್ಟಿಡಬೇಕು.